ಫಾರ್ಮಲಿನ್‌ಗೆ ಹಾಕುವ ಮುಂಚಿನ ನಿಮಿಷಗಳು: ಕಾಪಿಟ್ಟ ಅಂಗಾಂಶದಲ್ಲಿ ಪ್ರೋಟೀನ್ ಓಡಾಟ ನೋಡುವುದು ಹೇಗೆ

ಜೀವಕೋಶದೊಳಗೆ ಪ್ರೋಟೀನ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ನೋಡಬೇಕಾದರೆ ಜೀವಂತ ಕೋಶ ಬೇಕು, ಹೊಳೆಯುವ ಪ್ರೋಟೀನ್ ಬೇಕು, ಲಕ್ಷಗಟ್ಟಲೆ ಬೆಲೆಯ ಮೈಕ್ರೊಸ್ಕೋಪ್ ಬೇಕು ಎಂದು ಬಹಳ ವಿದ್ಯಾರ್ಥಿಗಳು ಅಂದುಕೊಳ್ಳುತ್ತಾರೆ. ಇದ್ದರೆ ಒಳ್ಳೆಯದೇ. ಆದರೆ ಈ ದಾರಿಯನ್ನು ಮೊದಲು ಗುರುತಿಸಿದ್ದು ಹೊಳೆಯುವ ಪ್ರೋಟೀನ್ ಬಳಕೆಗೆ ಬಾರದ ಕಾಲದಲ್ಲಿ, ಜೀವಂತ ಕೋಶವನ್ನು ಮೈಕ್ರೊಸ್ಕೋಪಿನಲ್ಲಿ ನೋಡದೆಯೇ. 1967ರಲ್ಲಿ ಜೇಮ್ಸ್ ಜೇಮೀಸನ್ ಮತ್ತು ಜಾರ್ಜ್ ಪಲಾಡೆ ಗಿನಿಪಿಗ್‌ನ ಮೇದೋಜೀರಕ ಗ್ರಂಥಿಯ, ಅಂದರೆ ಪ್ಯಾಂಕ್ರಿಯಾಸ್‌ನ, ತೆಳು ಹೋಳುಗಳನ್ನು ವಿಕಿರಣ ಸೂಸುವ ಲ್ಯೂಸಿನ್‌ನಲ್ಲಿ (ಪ್ರೋಟೀನ್ ಕಟ್ಟಲು ಕೋಶ ಬಳಸುವ ಒಂದು ಅಮೈನೊ ಆಮ್ಲ) 3 ನಿಮಿಷ ಇಟ್ಟರು. ಆಮೇಲೆ ಸಾದಾ ಲ್ಯೂಸಿನ್‌ಗೆ ಬದಲಾಯಿಸಿದರು. ಬೇರೆ ಬೇರೆ ಹೊತ್ತಿಗೆ ಹೋಳುಗಳನ್ನು ರಾಸಾಯನಿಕಕ್ಕೆ ಹಾಕಿ ನಿಲ್ಲಿಸಿದರು. ಹೊಸದಾಗಿ ಹುಟ್ಟಿದ ಪ್ರೋಟೀನ್ ಮೊದಲು ಒರಟು ಇಆರ್‌ನಲ್ಲಿತ್ತು, ಅಂದರೆ ಕೋಶದೊಳಗೆ ಇಂಥ ಪ್ರೋಟೀನ್ ತಯಾರಾಗುವ ಪೊರೆಗಳ ಜಾಲದಲ್ಲಿ (ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್). ಕೆಲವೇ ನಿಮಿಷದಲ್ಲಿ, ಪ್ರೋಟೀನನ್ನು ತಿದ್ದಿ ವಿಂಗಡಿಸಿ ಮುಂದೆ ಕಳಿಸುವ ಗಾಲ್ಗಿಯ ಸುತ್ತಮುತ್ತ ಕಂಡಿತು. ಸುಮಾರು ಎರಡು ಗಂಟೆಗೆ ಕಿಣ್ವ ತುಂಬಿದ ಕಣಗಳೊಳಗೆ ಕೂತಿತ್ತು. ಪಲಾಡೆಗೆ 1974ರಲ್ಲಿ ನೊಬೆಲ್ ಬಂತು. ಅವರು ಮೈಕ್ರೊಸ್ಕೋಪಿನಲ್ಲಿ ನೋಡಿದ್ದೆಲ್ಲ ಸತ್ತ, ಕಾಪಿಟ್ಟ ತುಂಡುಗಳನ್ನೇ.

ಹಾಗಾದರೆ ಸತ್ತ ತುಂಡಿನಲ್ಲಿ ಓಡಾಟ ಹೇಗೆ ಕಂಡಿತು? ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳಿ ಅಂದರೆ ಇದನ್ನೇ ಹೇಳುತ್ತೇನೆ: ಕಾಪಿಟ್ಟ ಅಂಗಾಂಶದಲ್ಲಿ ಚಲನೆ ಇರುವುದಿಲ್ಲ, ಅದನ್ನು ಕಾಪಿಡುವ ಮೊದಲೇ ನೀವು ಒಳಗಿಡಬೇಕು. ಕಲಬುರಗಿ ಬಸ್ ನಿಲ್ದಾಣದ ಒಂದು ಫೋಟೊ ತೋರಿಸಿ, ಆಳಂದದ ಬಸ್ ಬರುತ್ತಿದೆಯೋ ಹೊರಡುತ್ತಿದೆಯೋ ಎಂದು ಕೇಳಿದರೆ ಯಾರೂ ಹೇಳಲಾರರು. ಅರ್ಧ ಗಂಟೆ ಗೇಟ್ ಮುಚ್ಚಿ, ಆಮೇಲೆ ತೆರೆದು, ಹತ್ತು ಹತ್ತು ನಿಮಿಷಕ್ಕೊಂದು ಫೋಟೊ ತೆಗೆದರೆ ಹೇಳಬಹುದು. ಕೆಳಗೆ ಬರುವ ಕೆಲಸವೆಲ್ಲ ಹೆಚ್ಚುಕಡಿಮೆ ಗೇಟ್ ಮುಚ್ಚಿ ತೆರೆಯುವ ಕೆಲಸ.

ಬಾಟಲಿಯಲ್ಲಿ ಈಗಾಗಲೇ ಇರುವುದರಿಂದ ಏನು ಸಿಗುತ್ತದೆ

ನಮ್ಮ ಕಡೆಯ ಪದವಿ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಕ್ಕೆ ಹೋದರೆ ಕಪಾಟಿನಲ್ಲಿ ಕಪ್ಪೆ, ಹಲ್ಲಿ, ಮೀನು ಬಾಟಲಿಯೊಳಗೆ ಇರುತ್ತವೆ. ಹೇಗೂ ಇವೆಯಲ್ಲ, ಇದರಲ್ಲೇ ಮಾಡಿಬಿಡೋಣ ಅನ್ನಿಸುವುದು ಸಹಜ. ಬೇಡ. ವರ್ಷಗಟ್ಟಲೆ ಫಾರ್ಮಲಿನ್‌ನಲ್ಲಿ ಕೂತ ಪ್ರೋಟೀನ್ ತನ್ನ ಅಕ್ಕಪಕ್ಕದ್ದಕ್ಕೆಲ್ಲ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಆಂಟಿಬಾಡಿ, ಅಂದರೆ ಒಂದು ನಿರ್ದಿಷ್ಟ ಪ್ರೋಟೀನನ್ನು ಗುರುತಿಸಿ ಅಂಟಿಕೊಳ್ಳುವ ಅಣು, ಹಿಡಿಯುವ ಜಾಗ ಮುಚ್ಚಿಹೋಗಿರುತ್ತದೆ. ಹಳೆಯ ಫಾರ್ಮಲಿನ್ ಹುಳಿಯಾಗಿ ಫಾರ್ಮಿಕ್ ಆಮ್ಲ ಆಗುತ್ತದೆ, ರಕ್ತ ಇದ್ದ ಕಡೆ ಕಂದು ಪುಡಿ ಕೂರುತ್ತದೆ. ಜೊತೆಗೆ ಆ ಕಪ್ಪೆಯನ್ನು ಸತ್ತು ಎಷ್ಟು ಹೊತ್ತಿಗೆ ಬಾಟಲಿಗೆ ಹಾಕಿದರು ಅನ್ನುವುದು ಯಾರಿಗೂ ಗೊತ್ತಿರುವುದಿಲ್ಲ. ಅಂಗರಚನೆ ಕಲಿಯಲು ಅದು ಸಾಕು. ಪ್ರೋಟೀನ್ ಓಡಾಟಕ್ಕೆ ಸಾಲದು.

ಪೆಥಾಲಜಿ ವಿಭಾಗದ ಮೇಣದ ಬ್ಲಾಕ್‌ಗಳ ಮಾತು ಬೇರೆ. ಬೀದರ್‌ನ ಪಶುವೈದ್ಯಕೀಯ ಕಾಲೇಜಿನಂಥ ಕಡೆ, ಕಲಬುರಗಿ, ಬೀದರ್, ಯಾದಗಿರಿಯ ವೈದ್ಯಕೀಯ ಕಾಲೇಜುಗಳಲ್ಲಿ ಮೈಕ್ರೊಟೋಮ್ (ತೆಳು ಪದರ ಕತ್ತರಿಸುವ ಯಂತ್ರ) ಮತ್ತು ಬ್ಲಾಕ್ (ಅಂಗಾಂಶ ಹುದುಗಿಸಿದ ಮೇಣದ ಗಟ್ಟಿ) ಎರಡೂ ದಿನಬಳಕೆಯ ವಸ್ತು. ಇಂಥ ಬ್ಲಾಕ್ ಚೆನ್ನಾಗಿ ಉತ್ತರ ಕೊಡುವ ಪ್ರಶ್ನೆ ಒಂದಿದೆ: ಪ್ರೋಟೀನ್ ಎಲ್ಲಿ ಸಿಕ್ಕಿಹಾಕಿಕೊಂಡಿದೆ? ಮನುಷ್ಯರಲ್ಲಿ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನಿನ ಒಂದು ಕೆಟ್ಟ ರೂಪದ ಬಹುಪಾಲು ಲಿವರ್ ಕೋಶದ ಇಆರ್ ಬಿಟ್ಟು ಹೊರಡುವುದಿಲ್ಲ. ಅಲ್ಲೇ ಉಂಡೆಗಟ್ಟುತ್ತದೆ. ಆ ಉಂಡೆಗಳು ಸಕ್ಕರೆ ಅಂಟಿದ ವಸ್ತುಗಳನ್ನು ತೋರಿಸುವ ಪಿಎಎಸ್ ಬಣ್ಣದಲ್ಲೇ ಕಾಣುತ್ತವೆ. ಸಂಚಾರ ನಿಂತುಹೋದದ್ದು ಒಂದೇ ಸ್ಲೈಡ್‌ನಲ್ಲಿ ಗೊತ್ತಾಗುತ್ತದೆ. ಸಂಚಾರ ನಡೆಯುತ್ತಿದೆ ಅನ್ನುವುದಕ್ಕೆ ಸ್ಲೈಡ್‌ಗಳ ಸಾಲೇ ಬೇಕು.

ಮಾಲು ಎಲ್ಲಿಂದ, ಯಾವುದು

ಪ್ಯಾಂಕ್ರಿಯಾಸ್ ಅನ್ನೇ ಯಾಕೆ ಆರಿಸುವುದು? ಅದರ ಕೋಶಗಳ ಮುಖ್ಯ ಕೆಲಸವೇ ಕಿಣ್ವ ತಯಾರಿಸಿ ಹೊರಗೆ ಕಳಿಸುವುದು. ಕೋಶದ ಬುಡದಲ್ಲಿ ಇಆರ್, ನಡುವೆ ಗಾಲ್ಗಿ, ತುದಿಯಲ್ಲಿ ಕಣಗಳು. ದಾರಿ ನೇರ. ಮೈಕ್ರೊಸ್ಕೋಪಿನಲ್ಲಿ ಬುಡ ಯಾವುದು ತುದಿ ಯಾವುದು ಅಂತ ಹುಡುಕಾಡಬೇಕಿಲ್ಲ.

ಕೈ ಪಳಗಿಸಲು ಕೋಳಿ ತೆಗೆದುಕೊಳ್ಳಿ. ಸಣ್ಣ ಕರುಳಿನ ಮೊದಲ ಭಾಗ ಯು ಆಕಾರದಲ್ಲಿ ಬಾಗಿರುತ್ತದೆ. ಆ ಎರಡು ಎಳೆಗಳ ನಡುವೆ ಬಿಳಿಚು ಗುಲಾಬಿ ಬಣ್ಣದ ಉದ್ದನೆಯ ಪಟ್ಟಿಯೇ ಪ್ಯಾಂಕ್ರಿಯಾಸ್. ತಪ್ಪಿ ಬೇರೆಯದನ್ನು ತರುವ ಸಾಧ್ಯತೆಯೇ ಇಲ್ಲ. ನಿಜವಾದ ಪ್ರಯೋಗಕ್ಕೆ ಆಡು ಅಥವಾ ಕುರಿ ಇರಲಿ. ಉಷ್ಣತೆ ತಗ್ಗಿಸಿ ಸಂಚಾರ ತಡೆಯುವ ವಿಧಾನ ಚೆನ್ನಾಗಿ ಗೊತ್ತಿರುವುದು ಸಸ್ತನಿಗಳಲ್ಲಿ. ಕೋಳಿಯ ಮೈ ಬಿಸಿಯೇ ಸುಮಾರು 41 ಡಿಗ್ರಿ. ಆಡಿನ ಲೆಕ್ಕ ಅದಕ್ಕೆ ಹೊಂದುವುದಿಲ್ಲ.

ಆಡಿನಲ್ಲಿ ಪ್ಯಾಂಕ್ರಿಯಾಸ್ ಹುಡುಕುವುದು ಸ್ವಲ್ಪ ಕಷ್ಟ. ಸಣ್ಣ ಕರುಳಿನ ಮೊದಲ ಬಾಗಿಗೆ ಅಂಟಿಕೊಂಡು, ಕೊಬ್ಬಿನೊಳಗೆ ಹುದುಗಿ, ಸಣ್ಣ ಸಣ್ಣ ಗುಳ್ಳೆಗಳ ಗೊಂಚಲಿನಂತೆ ಇರುತ್ತದೆ. ಕೊಬ್ಬು ಕೈಗೆ ಜಾರುತ್ತದೆ, ಇದು ಜಾರುವುದಿಲ್ಲ. ಹಿಂದಿನ ದಿನವೇ ಮಟನ್ ಅಂಗಡಿಯವರ ಹತ್ತಿರ ಮಾತಾಡಿ ಬನ್ನಿ. ಹೇಳಬೇಕಾದದ್ದು ಇಷ್ಟೇ: "ಅಣ್ಣಾ, ಬೋಟಿ ತೆಗದ ಕೂಡ್ಲೆ ನನ್ ಕೈಗೆ ಕೊಡ್ರಿ, ತೊಳೀಬ್ಯಾಡ್ರಿ." ಆ ಕಡೆಯ ಮಾತು ಬಹಳ ಮುಖ್ಯ. ಅಂಗಡಿಯವರು ಒಳ್ಳೆಯ ಮನಸ್ಸಿನಿಂದಲೇ ನಲ್ಲಿ ನೀರಲ್ಲಿ ತೊಳೆದು ಕೊಡುತ್ತಾರೆ. ಸಾದಾ ನೀರು ತಾಗಿದರೆ ಕೋಶ ಉಬ್ಬುತ್ತದೆ, ಒಡೆಯುತ್ತದೆ. ಒಡೆದ ಪ್ಯಾಂಕ್ರಿಯಾಸ್ ತನ್ನ ಕಿಣ್ವದಿಂದ ತನ್ನನ್ನೇ ಜೀರ್ಣಿಸಿಕೊಳ್ಳುತ್ತದೆ.

ಅನುಮತಿಯ ವಿಷಯ. ಮಾಂಸಕ್ಕೆ ಕಡಿದ ಪ್ರಾಣಿಯ ಅಂಗಾಂಶ ಬಳಸುವುದು, ಪ್ರಯೋಗಕ್ಕೆಂದೇ ಪ್ರಾಣಿ ಸಾಕಿ ಕೊಲ್ಲುವುದು ಎರಡೂ ಒಂದೇ ಅಲ್ಲ. ಎರಡನೆಯದಕ್ಕೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕೇ ಬೇಕು. ಮೊದಲನೆಯದಕ್ಕೂ ಸಮಿತಿಗೆ ಒಂದು ಪತ್ರ ಬರೆದು ಉತ್ತರ ಇಟ್ಟುಕೊಳ್ಳಿ. ಪ್ರಬಂಧ ಕಳಿಸುವಾಗ ಪತ್ರಿಕೆಯವರು ಕೇಳುತ್ತಾರೆ.

ಅಂಗಡಿಯಿಂದ ಲ್ಯಾಬಿನವರೆಗೆ

ಇಆರ್‌ನಿಂದ ಗಾಲ್ಗಿಗೆ ಪ್ರೋಟೀನ್ ಹೋಗಲು ಶಕ್ತಿ ಬೇಕು. ಹೊಸ ಪ್ರೋಟೀನ್ ಹುಟ್ಟದಿದ್ದರೂ ಸಂಚಾರ ನಡೆಯುತ್ತದೆ, ಆದರೆ ಎಟಿಪಿ, ಅಂದರೆ ಕೋಶದ ಶಕ್ತಿಯ ಅಣು, ಇಲ್ಲದಿದ್ದರೆ ನಿಲ್ಲುತ್ತದೆ ಎಂದು ಅದೇ ಜೇಮೀಸನ್, ಪಲಾಡೆ 1968ರಲ್ಲಿ ತೋರಿಸಿದರು. ರಕ್ತ ನಿಂತ ಕೂಡಲೇ ಆಮ್ಲಜನಕ ನಿಲ್ಲುತ್ತದೆ, ಎಟಿಪಿ ಇಳಿಯುತ್ತದೆ. ಹಾಗಾಗಿ ಗಡಿಯಾರ ಶುರುವಾಗುವುದು ಲ್ಯಾಬಿನಲ್ಲಿ ಅಲ್ಲ, ಅಂಗಡಿಯ ಕಟ್ಟೆಯ ಮೇಲೆ.

ಅಗಲ ಬಾಯಿಯ ಥರ್ಮಾಸ್‌ನಲ್ಲಿ ಐಸ್ ತುಂಬಿ. ಅದರೊಳಗೆ ಮುಚ್ಚಳದ ಡಬ್ಬಿ. ಡಬ್ಬಿಯಲ್ಲಿ ಗ್ಲೂಕೋಸ್ ಸೇರಿಸಿದ ತಣ್ಣನೆಯ ಕ್ರೆಬ್ಸ್-ರಿಂಗರ್ ದ್ರಾವಣ (ಕೋಶಕ್ಕೆ ಒಗ್ಗುವ ಲವಣದ ನೀರು), ಪಿಎಚ್ 7.4. ಸೋಯಾಬೀನ್ ಟ್ರಿಪ್ಸಿನ್ ತಡೆಕಾರಕ ಸಿಕ್ಕರೆ ಸ್ವಲ್ಪ ಸೇರಿಸಿ, ಸೋರಿದ ಟ್ರಿಪ್ಸಿನ್‌ನ ಕಾಟ ಕಡಿಮೆಯಾಗುತ್ತದೆ. ಹತ್ತು ಹದಿನೈದು ನಿಮಿಷದೊಳಗೆ ತುಂಡು ಲ್ಯಾಬಿನ ದ್ರಾವಣದಲ್ಲಿ ಇರಬೇಕು. ಅದಕ್ಕಿಂತ ದೂರದ ಅಂಗಡಿ ಬೇಡ, ಅಲ್ಲಿ ಮಾಲು ಎಷ್ಟೇ ಚೆನ್ನಾಗಿರಲಿ. ಬೇಸಿಗೆಯಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಏಪ್ರಿಲ್, ಮೇನಲ್ಲಿ ಈ ಕೆಲಸವನ್ನು ನಸುಕಿನಲ್ಲೇ ಮುಗಿಸಿ. ಸಾಧ್ಯವಾದರೆ ಚಳಿಗಾಲಕ್ಕೆ ಇಟ್ಟುಕೊಳ್ಳಿ.

ಇಲ್ಲೇ ಇನ್ನೊಂದು ಮಾತು. ಹೊರದೇಶದ ಪ್ರೋಟೊಕಾಲ್‌ಗಳಲ್ಲಿ "ಕೋಣೆಯ ಉಷ್ಣತೆಯಲ್ಲಿ ಇಡಿ" ಅಂತ ಇರುತ್ತದೆ. ಅವರ ಕೋಣೆ ಅಂದರೆ 20ರಿಂದ 25 ಡಿಗ್ರಿ. ನಮ್ಮ ಕೋಣೆ ಮೇ ತಿಂಗಳಲ್ಲಿ 37 ಇದ್ದರೂ ಆಶ್ಚರ್ಯವಿಲ್ಲ. ಬೇರೆ ಪ್ರಯೋಗದಲ್ಲಿ ಇದು ನಡೆದೀತು. ಇಲ್ಲಿ ನಡೆಯುವುದಿಲ್ಲ, ಯಾಕೆಂದರೆ 20ಕ್ಕೂ 37ಕ್ಕೂ ಇರುವ ವ್ಯತ್ಯಾಸವೇ ನಮ್ಮ ಗೇಟ್. ನೀರಿನ ಬಾತ್, ಥರ್ಮಾಮೀಟರ್, ಪಕ್ಕದಲ್ಲಿ ಐಸ್ ತುಂಡುಗಳು. ಸುಮ್ನೆ ಮೇಜಿನ ಮೇಲೆ ಇಡಬೇಡಿ.

ಗೇಟ್ ಮುಚ್ಚುವುದು, ತೆರೆಯುವುದು

ಹೊಸ ಬ್ಲೇಡಿನಿಂದ ಅರ್ಧ ಮಿಲಿಮೀಟರಿಗಿಂತ ದಪ್ಪ ಇರದ ಹೋಳು ಮಾಡಿ. ಆಮ್ಲಜನಕ ಒಳಗೆ ಇಳಿಯುವುದು ಅಷ್ಟೇ ಆಳಕ್ಕೆ. ದಪ್ಪ ಹೋಳಿನ ನಡುಭಾಗ ಉಸಿರುಗಟ್ಟಿ ಸಾಯುತ್ತದೆ. ದ್ರಾವಣಕ್ಕೆ 95 ಭಾಗ ಆಮ್ಲಜನಕ, 5 ಭಾಗ ಇಂಗಾಲದ ಡೈಆಕ್ಸೈಡ್ ಮಿಶ್ರಣದ ಸಿಲಿಂಡರ್‌ನಿಂದ ಗುಳ್ಳೆ ಬಿಡಿ. ಆ ಮಿಶ್ರಣ ಸಿಗದಿದ್ದರೆ ಬೈಕಾರ್ಬನೇಟ್ ಬದಲು ಹೆಪೆಸ್ ಬಫರ್ ಬಳಸಿ, ಬರೀ ಆಮ್ಲಜನಕ ಬಿಡಬಹುದು. 37 ಡಿಗ್ರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಸುಧಾರಿಸಿಕೊಳ್ಳಲು ಬಿಡಿ.

ಈಗ ಒಂದು ತೊಡಕು ಬರುತ್ತದೆ. ಹೋಳಿನ ಕೋಶಗಳಲ್ಲಿ ಕಣಗಳು ಆಗಲೇ ಕಿಣ್ವದಿಂದ ತುಂಬಿರುತ್ತವೆ. ಅಮೈಲೇಸ್‌ಗೆ (ಗಂಜಿ ಕರಗಿಸುವ ಕಿಣ್ವ) ಆಂಟಿಬಾಡಿ ಹಾಕಿದರೆ ಕೋಶದ ತುದಿ ಪೂರ್ತಿ ಹೊಳೆಯುತ್ತದೆ, ಶೂನ್ಯ ನಿಮಿಷದಲ್ಲೂ, ಎರಡು ಗಂಟೆಗೂ. ಹಳೆಯ ಸರಕಿನ ಬೆಳಕಿನಲ್ಲಿ ಹೊಸ ಸರಕು ಕಾಣುವುದೇ ಇಲ್ಲ. ಪಲಾಡೆ ಲ್ಯೂಸಿನ್‌ಗೆ ಗುರುತು ಹಾಕಿದ್ದು ಇದಕ್ಕೇ. ನೀವು ಏನು ಮಾಡಬಹುದು?

ಮೊದಲ ದಾರಿ, ಗೋದಾಮು ಖಾಲಿ ಮಾಡುವುದು. ಕಾರ್ಬಕಾಲ್ ಎಂಬ ಸ್ರಾವ ಚುರುಕುಗೊಳಿಸುವ ರಾಸಾಯನಿಕ ಹಾಕಿದರೆ ಪ್ಯಾಂಕ್ರಿಯಾಸ್ ಕೋಶ ತನ್ನ ಕಣಗಳನ್ನು ಹೊರಗೆ ಸುರಿಯುತ್ತದೆ. ಆಮೇಲೆ ತೊಳೆದು, ಹೊಸ ಸರಕು ಬರುವುದನ್ನು ಕಾಯಬೇಕು. ಎಷ್ಟು ಖಾಲಿಯಾಯಿತು ಎಂದು ತಿಳಿಯಲು ಸುಲಭದ ಉಪಾಯವಿದೆ. ಹೊರಗಿನ ದ್ರಾವಣವನ್ನು ಸ್ವಲ್ಪ ತೆಗೆದು ಗಂಜಿಯ ನೀರಿಗೆ ಹಾಕಿ, ಅಯೋಡಿನ್ ಬಿಡಿ. ಅಮೈಲೇಸ್ ಬಂದಿದ್ದರೆ ನೀಲಿ ಬಣ್ಣ ಮಾಯವಾಗುತ್ತದೆ. ಹೈಸ್ಕೂಲಿನ ಪ್ರಯೋಗವೇ, ಆದರೆ ಇಲ್ಲಿ ಅದರ ಬೆಲೆ ಜಾಸ್ತಿ. ಪೂರ್ತಿ ಖಾಲಿಯಾಗುತ್ತದೆ ಅಂತ ಮಾತ್ರ ನಿರೀಕ್ಷಿಸಬೇಡಿ. ಇನ್ನೊಂದು ವಿಷಯ, ಮೆಲುಕು ಹಾಕುವ ಪ್ರಾಣಿಗಳಲ್ಲಿ ಪ್ಯಾಂಕ್ರಿಯಾಸ್ ರಸ ಬಿಡುವಿಲ್ಲದೆ ಸುರಿಯುತ್ತಿರುತ್ತದೆ. ಹಾಗಾಗಿ ಇಲಿಯಲ್ಲಿ ಮಾಡುವಂತೆ ಉಪವಾಸವಿದ್ದ ಪ್ರಾಣಿ, ಮೇಯ್ದ ಪ್ರಾಣಿ ಎಂದು ಹೋಲಿಸುವುದರಿಂದ ಆಡಿನಲ್ಲಿ ಹೆಚ್ಚು ಗಿಟ್ಟುವುದಿಲ್ಲ.

ಎರಡನೆಯದು, ಉಷ್ಣತೆ. 20 ಡಿಗ್ರಿಯಲ್ಲಿ ಇಟ್ಟರೆ ಪ್ರೋಟೀನ್ ಇಆರ್ ದಾಟಿ, ಗಾಲ್ಗಿ ದಾಟಿ, ಗಾಲ್ಗಿಯ ಹೊರಬಾಗಿಲ ಜಾಲದಲ್ಲಿ ಬಂದು ಗುಂಪುಗೂಡುತ್ತದೆ. ಮುಂದೆ ಹೋಗುವುದಿಲ್ಲ. 15 ಡಿಗ್ರಿಗೆ ಇಳಿಸಿದರೆ ಇಆರ್‌ಗೂ ಗಾಲ್ಗಿಗೂ ನಡುವೆಯೇ ನಿಲ್ಲುತ್ತದೆ. ಎರಡು ಗಂಟೆ 20ರಲ್ಲಿ ಇಡಿ. ಆಮೇಲೆ ಸೈಕ್ಲೊಹೆಕ್ಸಿಮೈಡ್ ಸೇರಿಸಿ, ಅಂದರೆ ಹೊಸ ಪ್ರೋಟೀನ್ ಹುಟ್ಟುವುದನ್ನು ನಿಲ್ಲಿಸಿ. ಇಲ್ಲದಿದ್ದರೆ ಹಿಂದಿನಿಂದ ಸರಕು ಬರುತ್ತಲೇ ಇರುತ್ತದೆ, ಯಾವುದು ಮೊದಲಿನದು ಯಾವುದು ಈಗಿನದು ತಿಳಿಯುವುದಿಲ್ಲ. ಆಮೇಲೆ 37ಕ್ಕೆ ಏರಿಸಿ. 0, 10, 30, 60, 120 ನಿಮಿಷಕ್ಕೆ ಒಂದೊಂದು ಗುಂಪು ಹೋಳುಗಳನ್ನು ನೇರ ಫಾರ್ಮಲಿನ್‌ಗೆ ಹಾಕಿ. ಇಷ್ಟೂ ಹೊತ್ತು 20ರಲ್ಲೇ ಉಳಿದ ಒಂದು ಗುಂಪು ಪಕ್ಕಕ್ಕಿರಲಿ. ಅದು ಇಲ್ಲದಿದ್ದರೆ, ಬದಲಾವಣೆ ಆದದ್ದು ಗೇಟ್ ತೆರೆದದ್ದಕ್ಕೋ ಅಥವಾ ಸುಮ್ನೆ ಹೊತ್ತು ಕಳೆದದ್ದಕ್ಕೋ ಎಂದು ಹೇಳಲಾಗುವುದಿಲ್ಲ.

ಬ್ರೆಫೆಲ್ಡಿನ್ ಎ ಸಿಕ್ಕರೆ ಇನ್ನೊಂದು ಗುಂಪಿಗೆ ಹಾಕಿ. ಶಿಲೀಂಧ್ರದಿಂದ ಬರುವ ಈ ವಸ್ತು ಬಹಳ ಬಗೆಯ ಕೋಶಗಳಲ್ಲಿ ಗಾಲ್ಗಿಯನ್ನು ಕರಗಿಸಿ ಇಆರ್ ಜೊತೆ ಸೇರಿಸಿಬಿಡುತ್ತದೆ. ಕೆಲವು ಕೋಶಗಳು ಇದಕ್ಕೆ ಬಗ್ಗುವುದಿಲ್ಲ. ಅದಕ್ಕೇ ಒಂದು ಹೋಳಿನಲ್ಲಿ ಗಾಲ್ಗಿ ಚದುರಿದೆಯಾ ಎಂದು ನೋಡಿಕೊಂಡೇ ಮುಂದೆ ಹೋಗಿ.

ಮೂರನೆಯ ದಾರಿಗೆ ದುಡ್ಡು ಬೇಕು. ಅಜಿಡೊಹೋಮೊಅಲನಿನ್ ಎಂಬ ಅಮೈನೊ ಆಮ್ಲವನ್ನು ಕೋಶ ಮೆಥಿಯೊನಿನ್ ಅಂದುಕೊಂಡು ಹೊಸ ಪ್ರೋಟೀನಿನಲ್ಲಿ ಸೇರಿಸುತ್ತದೆ. ಕಾಪಿಟ್ಟ ನಂತರ ಕ್ಲಿಕ್ ರಸಾಯನದಿಂದ, ಅಂದರೆ ಆ ಅಮೈನೊ ಆಮ್ಲವನ್ನಷ್ಟೇ ಹಿಡಿಯುವ ಒಂದು ರಾಸಾಯನಿಕ ಕ್ರಿಯೆಯಿಂದ, ಅದಕ್ಕೆ ಹೊಳೆಯುವ ಬಣ್ಣ ಅಂಟಿಸಬಹುದು. ವಿಕಿರಣದ ಗೊಡವೆಯಿಲ್ಲದ ಪಲಾಡೆ ಪ್ರಯೋಗ ಇದು. ಪ್ಯಾಂಕ್ರಿಯಾಸ್ ಕೋಶದಲ್ಲಿ ಹೊಸದಾಗಿ ಹುಟ್ಟುವುದರಲ್ಲಿ ಬಹುಪಾಲು ಜೀರ್ಣಕಿಣ್ವಗಳೇ ಆದ್ದರಿಂದ ಇಲ್ಲಿ ಇದು ವಿಶೇಷವಾಗಿ ಒಪ್ಪುತ್ತದೆ. ಅನುದಾನ ಇದ್ದರೆ ನಾನು ಇದನ್ನೇ ಆರಿಸುತ್ತೇನೆ. ಇಲ್ಲದಿದ್ದರೆ ಮೊದಲೆರಡನ್ನು ಜೋಡಿಸಿ: ಖಾಲಿ ಮಾಡು, 20ರಲ್ಲಿ ತಡೆ, 37ಕ್ಕೆ ಬಿಡು.

ಫಾರ್ಮಲಿನ್‌ಗೂ ತನ್ನದೇ ಗಡಿಯಾರ ಇದೆ

ಫಾರ್ಮಲಿನ್‌ಗೆ ಹಾಕಿದ ಕ್ಷಣವೇ ಎಲ್ಲ ನಿಂತಿತು ಅನ್ನುವುದು ಭ್ರಮೆ. ಅದು ಹೊರಗಿನಿಂದ ಒಳಗೆ ನಿಧಾನ ಇಳಿಯುತ್ತದೆ. ಪೀಟರ್ ಮೆಡಾವರ್ 1941ರಲ್ಲಿ ತೋರಿಸಿದಂತೆ, ಇಳಿದ ಆಳ ಸಮಯದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ. ಗಂಟೆಗೆ ಒಂದು ಮಿಲಿಮೀಟರ್ ಅಂತ ಹಿಡಿದರೆ, ಎರಡು ಮಿಲಿಮೀಟರಿಗೆ ಎರಡಲ್ಲ, ನಾಲ್ಕು ಗಂಟೆ. ಈ ಲೆಕ್ಕವನ್ನು ನಿಮ್ಮ ಹೋಳಿಗೆ ಹಾಕಿ ನೋಡಿ. ಅರ್ಧ ಮಿಲಿಮೀಟರ್ ಹೋಳಿನ ನಡುವಿಗೆ ಎರಡೂ ಕಡೆಯಿಂದ ಕಾಲು ಮಿಲಿಮೀಟರ್. ಸುಮಾರು ನಾಲ್ಕು ನಿಮಿಷದಲ್ಲಿ ತಲುಪುತ್ತದೆ. ಮೂರು ಮಿಲಿಮೀಟರ್ ತುಂಡಾದರೆ ನಡುವಿಗೆ ತಲುಪಲು ಎರಡು ಗಂಟೆಗೂ ಜಾಸ್ತಿ. ಆ ತುಂಡಿಗೆ "10 ನಿಮಿಷ" ಎಂದು ಚೀಟಿ ಅಂಟಿಸಿದರೆ ಅರ್ಥವೇ ಇಲ್ಲ, ಅಲ್ವಾ? ಸಾಮಾನ್ಯ ಹಿಸ್ಟಾಲಜಿಗೆ 3ರಿಂದ 5 ಮಿಲಿಮೀಟರ್ ನಡೆಯುತ್ತದೆ. ಓಡಾಟದ ಪ್ರಯೋಗಕ್ಕೆ ಹೋಳಿನ ದಪ್ಪವೇ ನಿಮ್ಮ ಗಡಿಯಾರದ ನಿಖರತೆ. ನಾಲ್ಕು ನಿಮಿಷಕ್ಕಿಂತ ಹತ್ತಿರದ ಎರಡು ಹೊತ್ತುಗಳನ್ನು ಹೋಲಿಸಲೂ ಹೋಗಬೇಡಿ.

ದ್ರಾವಣ ಮಾಡುವುದು ಹೀಗೆ. ಅಂಗಡಿಯ ಗಟ್ಟಿ ಫಾರ್ಮಾಲ್ಡಿಹೈಡ್, ಅಂದರೆ ಶೇ 37ರಿಂದ 40ರದ್ದು, 100 ಮಿಲಿ. ಡಿಸ್ಟಿಲ್ಡ್ ವಾಟರ್ 900 ಮಿಲಿ. ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮೊನೊಹೈಡ್ರೇಟ್ 4 ಗ್ರಾಂ, ನೀರಿಲ್ಲದ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಪಿಎಚ್ 7ರ ಆಸುಪಾಸು ಬರುತ್ತದೆ. ಬೋರ್‌ವೆಲ್ ನೀರು ಇಲ್ಲಿ ಬೇಡ. ಅಂಗಾಂಶದ ಹತ್ತರಿಂದ ಇಪ್ಪತ್ತು ಪಟ್ಟು ದ್ರಾವಣ ಇರಲಿ. ತೆಳು ಹೋಳುಗಳನ್ನು ಮೆಲ್ಲಗೆ ಅಲುಗಾಡಿಸುತ್ತ ಇಡಿ. ತಲುಪುವುದು ಬೇಗ, ಅಣುಗಳ ನಡುವೆ ಸೇತುವೆ ಕಟ್ಟುವುದು ನಿಧಾನ. ಹಾಗಾಗಿ ರಾತ್ರಿಯಿಡೀ ಬಿಡಿ, 24 ಗಂಟೆ ದಾಟಿಸಬೇಡಿ. ಆಮೇಲೆ ಶೇ 70ರ ಆಲ್ಕೋಹಾಲ್‌ಗೆ ಬದಲಾಯಿಸಿ. ವಾರದ ಕೊನೆಗೆ ಹಾಕಿ ಸೋಮವಾರ ತೆಗೆಯೋಣ ಅನ್ನುವ ಯೋಜನೆ ಬೇಡ.

ಮೇಣವೋ, ಮಂಜುಗಡ್ಡೆಯೋ

ಮೇಣದ ಬ್ಲಾಕ್ ಬೇಕಾದರೆ ಆಲ್ಕೋಹಾಲ್ ಮೆಟ್ಟಿಲುಗಳು, ಕ್ಸೈಲೀನ್, 60 ಡಿಗ್ರಿ ಮೇಣ. ಇದು ಎಲ್ಲ ಪೆಥಾಲಜಿ ಲ್ಯಾಬ್‌ನವರಿಗೂ ಬಾಯಿಪಾಠ, ನಾನು ವಿವರಿಸುವುದಿಲ್ಲ. ತೆಳು ಹೋಳಾದ್ದರಿಂದ ಪ್ರತಿ ಹಂತದ ಸಮಯ ಕಡಿಮೆ ಮಾಡಲು ಟೆಕ್ನಿಷಿಯನ್‌ಗೆ ಹೇಳಿ, ಇಲ್ಲದಿದ್ದರೆ ಅಂಗಾಂಶ ಹಪ್ಪಳ ಆಗುತ್ತದೆ. 4 ಮೈಕ್ರಾನ್ ಸೆಕ್ಷನ್, ಪಾಲಿಲೈಸಿನ್ ಬಳಿದ ಸ್ಲೈಡ್. ಹೆಸರು, ನಿಮಿಷ ಎಲ್ಲ ಪೆನ್ಸಿಲಿನಲ್ಲೇ ಬರೆಯಿರಿ. ಪೆನ್ನಿನ ಮಸಿ ಕ್ಸೈಲೀನ್‌ನಲ್ಲಿ ಹೋಗಿಬಿಡುತ್ತದೆ.

ಕ್ಸೈಲೀನ್ ಕೊಬ್ಬನ್ನು ಕರಗಿಸುತ್ತದೆ, ಅಂದರೆ ಪೊರೆಗಳ ಲಿಪಿಡ್ ಹೋಗುತ್ತದೆ. ಪ್ರೋಟೀನ್ ಮಾತ್ರ ಅಂಟಿಕೊಂಡು ಉಳಿಯುತ್ತದೆ. ಕ್ಲಿಕ್ ರಸಾಯನಕ್ಕೆ, ಸೂಕ್ಷ್ಮ ಆಂಟಿಬಾಡಿಗಳಿಗೆ ಮಂಜುಗಡ್ಡೆ ಸೆಕ್ಷನ್ ಮೇಲು. ಕಾಪಿಟ್ಟ ಹೋಳನ್ನು ಶೇ 30ರ ಸಕ್ಕರೆ ದ್ರಾವಣದಲ್ಲಿ, ಅದು ತಳಕ್ಕೆ ಮುಳುಗುವವರೆಗೆ ಇಡಿ. ಆಮೇಲೆ ಒಸಿಟಿ ಎಂಬ, ಹೆಪ್ಪುಗಟ್ಟಿಸಿ ಕತ್ತರಿಸಲು ಬಳಸುವ ಅಂಟಿನಲ್ಲಿ ಕೂರಿಸಿ, ದ್ರವ ಸಾರಜನಕದಲ್ಲಿ ತಣಿಸಿದ ಐಸೊಪೆಂಟೇನ್‌ಗೆ ಮುಳುಗಿಸಿ. ದ್ರವ ಸಾರಜನಕ ಎಲ್ಲಿ ಸಿಗುತ್ತದೆ ಎಂದು ಗಾಬರಿ ಬೇಡ. ದನ, ಎಮ್ಮೆಗಳ ಕೃತಕ ಗರ್ಭಧಾರಣೆಯ ವೀರ್ಯದ ಕಡ್ಡಿಗಳನ್ನು ಕಾಪಿಡುವುದು ಅದರಲ್ಲೇ. ಪಶುಪಾಲನೆ ಇಲಾಖೆಯವರು, ಬೀದರ್‌ನ ಪಶುವೈದ್ಯಕೀಯ ಕಾಲೇಜಿನವರು ಅದರ ಜೊತೆ ದಿನಾ ಕೆಲಸ ಮಾಡುವವರು. ಪತ್ರ ಹಿಡಿದು ಹೋಗಿ ವಿಚಾರಿಸಿ. ಫ್ರಿಜ್‌ನ ಫ್ರೀಜರ್‌ನಲ್ಲಿ ಮಾತ್ರ ಗಟ್ಟಿ ಮಾಡಬೇಡಿ. ನಿಧಾನವಾಗಿ ಹೆಪ್ಪುಗಟ್ಟಿದ ನೀರು ಚೂಪು ಹರಳಾಗಿ ಕೋಶವನ್ನು ತೂತು ಮಾಡುತ್ತದೆ. ಮೈಕ್ರೊಸ್ಕೋಪಿನಲ್ಲಿ ಆ ತೂತುಗಳನ್ನು ನೋಡಿ ದೊಡ್ಡ ಕೋಶಕುಹರ ಅಂತ ಬರೆದವರು ಇದ್ದಾರೆ.

ಆಂಟಿಬಾಡಿ: ದುಡ್ಡು ಹಾಳಾಗುವ ಜಾಗ

ದಾರಿಯ ಮೈಲಿಗಲ್ಲುಗಳಿಗೆ ಕೆಲವು ಗುರುತುಗಳಿವೆ. ಇಆರ್‌ಗೆ ಕ್ಯಾಲ್ನೆಕ್ಸಿನ್ ಅಥವಾ ಪಿಡಿಐ. ಇಆರ್‌ನಿಂದ ಹೊರಡುವ ಜಾಗಕ್ಕೆ ಸೆಕ್31. ನಡುದಾರಿಗೆ ಇಆರ್‌ಜಿಐಸಿ-53. ಗಾಲ್ಗಿಯ ಒಳಬಾಗಿಲಿಗೆ ಜಿಎಂ130. ಲೈಸೊಸೋಮ್‌ಗೆ ಲ್ಯಾಂಪ್1. ಸರಕಿಗೆ ಅಮೈಲೇಸ್. ಎಲ್ಲ ಕೊಳ್ಳಬೇಡಿ. ಕ್ಯಾಲ್ನೆಕ್ಸಿನ್, ಜಿಎಂ130, ಅಮೈಲೇಸ್ ಮೂರಿದ್ದರೆ ಒಂದು ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ. ಗಾಲ್ಗಿಯ ಹೊರಬಾಗಿಲ ಗುರುತು ಟಿಜಿಎನ್46 ಪ್ರಾಣಿಯಿಂದ ಪ್ರಾಣಿಗೆ ಬಹಳ ಬದಲಾಗುತ್ತದೆ. ಮನುಷ್ಯನದಕ್ಕೆ ಮಾಡಿದ್ದು ಆಡಿಗೆ ಹಿಡಿಯುತ್ತದೆ ಎಂಬ ಭರವಸೆ ಇಲ್ಲ.

ಮಾರಾಟಕ್ಕಿರುವ ಬಹಳಷ್ಟು ಆಂಟಿಬಾಡಿಗಳನ್ನು ಪರೀಕ್ಷಿಸಿರುವುದು ಮನುಷ್ಯ, ಇಲಿ, ಹೆಗ್ಗಣಗಳಲ್ಲಿ. ಆರ್ಡರ್ ಹಾಕುವ ಮೊದಲು ಆಂಟಿಬಾಡಿ ಹಿಡಿಯುವ ತುಣುಕಿನ ಅಮೈನೊ ಆಮ್ಲದ ಸಾಲನ್ನು ಯೂನಿಪ್ರಾಟ್ ಎಂಬ ಪ್ರೋಟೀನ್ ಜಾಲತಾಣದಲ್ಲಿ ಆಡಿನ ಸಾಲಿನ ಜೊತೆ ಹೋಲಿಸಿ. ಖರ್ಚಿಲ್ಲದ ಕೆಲಸ. ಅರ್ಧ ಗಂಟೆಯಲ್ಲಿ ಸಾವಿರಾರು ರೂಪಾಯಿ ಉಳಿಯಬಹುದು.

ನಮ್ಮ ಕಡೆಯವರು ಸುಲಭವಾಗಿ ಬೀಳುವ ಗುಂಡಿ ಇನ್ನೊಂದಿದೆ. ಕೆಲವು ಆಂಟಿಬಾಡಿಗಳನ್ನು ಆಡಿನಲ್ಲೇ ತಯಾರಿಸಿರುತ್ತಾರೆ. ಅದನ್ನು ಆಡಿನ ಅಂಗಾಂಶಕ್ಕೆ ಹಾಕಿ, ಮೇಲೆ ಆಡಿನ ಆಂಟಿಬಾಡಿ ಹಿಡಿಯುವ, ಹೊಳೆಯುವ ಬಣ್ಣ ಹೊತ್ತ ಎರಡನೆಯ ಆಂಟಿಬಾಡಿ ಹಾಕಿದರೆ, ಅಂಗಾಂಶದಲ್ಲಿ ಮೊದಲೇ ಇದ್ದ ಆಡಿನ ಆಂಟಿಬಾಡಿಯೆಲ್ಲ ಹೊಳೆಯುತ್ತದೆ. ಕುರಿಯಲ್ಲೂ ಇದೇ ಕಥೆ, ಎರಡೂ ಅಷ್ಟು ಹತ್ತಿರ. ಮೊಲದಲ್ಲಿ ಅಥವಾ ಇಲಿಯಲ್ಲಿ ಮಾಡಿದ್ದನ್ನೇ ಕೊಳ್ಳಿ. ಮೊದಲ ಆಂಟಿಬಾಡಿ ಇಲ್ಲದ ಒಂದು ಸ್ಲೈಡ್ ಪ್ರತಿ ಬಾರಿಯೂ ಇರಲಿ. ಅದು ಕಪ್ಪಾಗಿರಬೇಕು.

ಮೇಣದ ಸೆಕ್ಷನ್‌ಗೆ ಫಾರ್ಮಲಿನ್ ಕಟ್ಟಿದ ಸೇತುವೆ ಬಿಡಿಸಬೇಕು. ಪಿಎಚ್ 6ರ 10 ಮಿಲಿಮೋಲಾರ್ ಸಿಟ್ರೇಟ್ ಬಫರ್, 95 ಡಿಗ್ರಿಯ ಮೇಲೆ 20 ನಿಮಿಷ, ಅದರಲ್ಲೇ ಇನ್ನೂ 20 ನಿಮಿಷ ಆರಲು ಬಿಡಿ. ಪ್ರೆಶರ್ ಕುಕ್ಕರ್‌ನಲ್ಲೂ ಆಗುತ್ತದೆ, ಆದರೆ ಆ ಕುಕ್ಕರ್ ಮತ್ತೆ ಅಡುಗೆಮನೆಗೆ ಹೋಗಬಾರದು. ಸಿಟ್ರೇಟ್‌ನಲ್ಲಿ ಬಾರದಿದ್ದರೆ ಪಿಎಚ್ 9ರ ಟ್ರಿಸ್-ಇಡಿಟಿಎ ನೋಡಿ. ಆಮೇಲೆ ಎರಡನೆಯ ಆಂಟಿಬಾಡಿ ಬಂದ ಪ್ರಾಣಿಯ ಸೀರಂನಿಂದ ಖಾಲಿ ಜಾಗ ಮುಚ್ಚಿ, ಮೊದಲ ಆಂಟಿಬಾಡಿ ಹಾಕಿ 4 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಿ. ಕರೆಂಟ್ ಹೋಗುವ ಊರಾದರೆ ಫ್ರಿಜ್ ಇನ್ವರ್ಟರ್ ಮೇಲಿದೆಯೇ ನೋಡಿಕೊಳ್ಳಿ. ಆಂಟಿಬಾಡಿಯನ್ನು ಬಂದ ದಿನವೇ ಸಣ್ಣ ಸಣ್ಣ ಪಾಲು ಮಾಡಿಡಿ. ಕರಗಿ ಗಟ್ಟಿಯಾಗಿ ಕರಗಿ ಗಟ್ಟಿಯಾದರೆ ಅದರ ಕಥೆ ಮುಗಿಯಿತು.

ಫಾರ್ಮಲಿನ್ ಅಂಗಾಂಶ ತಾನಾಗಿಯೇ ಹಸಿರು ಹೊಳೆಯುತ್ತದೆ, ಕೆಂಪು ರಕ್ತಕಣವಂತೂ ಇನ್ನೂ ಜಾಸ್ತಿ. ಶೇ 70 ಆಲ್ಕೋಹಾಲ್‌ನಲ್ಲಿ ಶೇ 0.1ರ ಸುಡಾನ್ ಬ್ಲ್ಯಾಕ್ ಬಿ ಇದನ್ನು ಬಹಳಷ್ಟು ತಗ್ಗಿಸುತ್ತದೆ. ಮುಖ್ಯ ಸರಕಿಗೆ ಹಸಿರು ಬಣ್ಣ ಕೊಡದೆ ಕೆಂಪು ಕೊಡಿ.

ನೋಡುವುದು, ಎಣಿಸುವುದು

ಸಾಮಾನ್ಯ ಬೆಳಕಿನ ಮೈಕ್ರೊಸ್ಕೋಪ್ ಸುಮಾರು 200 ನ್ಯಾನೊಮೀಟರಿಗಿಂತ ಹತ್ತಿರದ ಎರಡು ಚುಕ್ಕೆಗಳನ್ನು ಬೇರೆ ಮಾಡಿ ತೋರಿಸಲಾರದು. ಇಆರ್ ಮತ್ತು ಗಾಲ್ಗಿ ನಡುವೆ ಓಡಾಡುವ ಚೀಲಗಳು ಸಾಮಾನ್ಯವಾಗಿ 60ರಿಂದ 100 ನ್ಯಾನೊಮೀಟರ್. ಆದ್ದರಿಂದ ನಿಮಗೆ ಕಾಣುವುದು ಚೀಲ ಅಲ್ಲ, ಪ್ರದೇಶ. "ಪ್ರೋಟೀನ್ ಚೀಲದಲ್ಲಿದೆ" ಎಂದು ಬರೆಯಬೇಡಿ. "ಜಿಎಂ130 ಪ್ರದೇಶದಲ್ಲಿ ಅಮೈಲೇಸ್ ಪಾಲು 30 ನಿಮಿಷಕ್ಕೆ ಇಳಿಯಿತು" ಎಂದು ಬರೆಯಿರಿ. ಚೀಲವೇ ಬೇಕು ಅಂದರೆ ಎಲೆಕ್ಟ್ರಾನ್ ಮೈಕ್ರೊಸ್ಕೋಪ್, ಗ್ಲುಟರಾಲ್ಡಿಹೈಡ್, ಆಸ್ಮಿಯಂ. ಅದಕ್ಕೆ ಕೆಲವು ಹೋಳುಗಳನ್ನು ಮೊದಲ ದಿನವೇ ಬೇರೆ ತೆಗೆದು ಇಡಬೇಕು. ಮೇಣಕ್ಕೆ ಹೋದದ್ದನ್ನು ಹಿಂದಕ್ಕೆ ತಂದರೆ ಪೊರೆಗಳು ಚೆನ್ನಾಗಿ ಉಳಿದಿರುವುದಿಲ್ಲ.

ಚಿತ್ರ ಅಳೆಯಲು ಫಿಜಿ ಎಂಬ ಸಾಫ್ಟ್‌ವೇರ್ ಸಾಕು, ಬಿಟ್ಟಿ ಸಿಗುತ್ತದೆ. ಕ್ಯಾಮೆರಾದ ಎಕ್ಸ್‌ಪೋಷರ್ ಎಲ್ಲ ಸ್ಲೈಡಿಗೂ ಒಂದೇ ಇರಲಿ. ಎರಡು ಬಣ್ಣ ಎಷ್ಟು ಒಟ್ಟಿಗಿವೆ ಎಂದು ಪಿಯರ್ಸನ್ ಸಂಖ್ಯೆ ಹೇಳುತ್ತದೆ. ಸರಕಿನ ಎಷ್ಟು ಪಾಲು ಗಾಲ್ಗಿ ಪ್ರದೇಶದಲ್ಲಿದೆ ಎಂದು ಮ್ಯಾಂಡರ್ಸ್ ಸಂಖ್ಯೆ ಹೇಳುತ್ತದೆ. ನಮ್ಮ ಪ್ರಶ್ನೆಗೆ ಎರಡನೆಯದೇ ಹತ್ತಿರ. ಅಳೆಯುವವರಿಗೆ ನಿಮಿಷ ಗೊತ್ತಿರಬಾರದು. ಸ್ನೇಹಿತರ ಕೈಲಿ ಸ್ಲೈಡ್‌ಗಳಿಗೆ ಗುಪ್ತ ನಂಬರ್ ಹಾಕಿಸಿ. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ ಕೋಶವನ್ನೇ ಆರಿಸುತ್ತದೆ.

ಒಂದು ಆಡಿನ ಇನ್ನೂರು ಕೋಶ ಅಳೆದರೆ ನಿಮ್ಮ ಸಂಖ್ಯೆ ಇನ್ನೂರು ಅಲ್ಲ, ಒಂದು. ಪ್ರಾಣಿಯೇ ಲೆಕ್ಕದ ಮೂಲ. ಬೇರೆ ಬೇರೆ ದಿನ, ಬೇರೆ ಬೇರೆ ಆಡು, ಪ್ರತಿ ಆಡಿನಲ್ಲೂ ಎಲ್ಲ ಹೊತ್ತುಗಳು. ವೈವಾದಲ್ಲಿ ಹೊರಗಿನ ಪರೀಕ್ಷಕರು ಮೊದಲು ಕೈ ಹಾಕುವುದು ಇಲ್ಲಿಗೇ.

ಆಂಟಿಬಾಡಿಗೆ ದುಡ್ಡೇ ಇಲ್ಲದಿದ್ದರೆ

ಕರುಳಿನ ಲೋಳೆ ಕೋಶಗಳಿವೆ, ಗಾಬ್ಲೆಟ್ ಕೋಶ. ಅವುಗಳ ಲೋಳೆಗೆ ಸಕ್ಕರೆ ಅಂಟುವುದು ಹೆಚ್ಚಾಗಿ ಗಾಲ್ಗಿಯಲ್ಲಿ. 1966ರಲ್ಲಿ ನ್ಯೂಟ್ರಾ ಮತ್ತು ಲೆಬ್ಲಾಂಡ್ ವಿಕಿರಣದ ಗ್ಲೂಕೋಸ್ ಕೊಟ್ಟು ನೋಡಿದಾಗ ಗುರುತು ಮೊದಲು ಕಂಡದ್ದೂ ಅಲ್ಲೇ. ಲೋಳೆಗೆ ಆಂಟಿಬಾಡಿ ಬೇಡ. ಪಿಎಚ್ 2.5ರ ಆಲ್ಸಿಯನ್ ಬ್ಲೂ ಅರ್ಧ ಗಂಟೆ ಹಾಕಿದರೆ ಹುಳಿ ಲೋಳೆ ನೀಲಿಯಾಗುತ್ತದೆ, ಪಿಎಎಸ್ ಹಾಕಿದರೆ ಉಳಿದದ್ದು ಕೆನ್ನೇರಳೆಯಾಗುತ್ತದೆ. ಆಡಿನ ದೊಡ್ಡ ಕರುಳಿನ ಸಣ್ಣ ಚೂರುಗಳನ್ನು ಕಾರ್ಬಕಾಲ್ ಇಲ್ಲದೆ, ಕಾರ್ಬಕಾಲ್ ಜೊತೆ ಬೇರೆ ಬೇರೆ ನಿಮಿಷ ಇಟ್ಟು ಕಾಪಿಡಿ. ಕರುಳಿನ ಒಳಗೋಡೆಯ ಸಣ್ಣ ಗುಂಡಿಗಳ ಒಳಗಿನ ಕೋಶಗಳು ಖಾಲಿಯಾಗುವುದು, ಮೇಲ್ಮೈಯವು ಅಷ್ಟಾಗಿ ಬಗ್ಗದೆ ಇರುವುದು ನೋಡಲು ಸಿಗಬೇಕು. ಬಿಎಸ್ಸಿ ಮಟ್ಟಕ್ಕೆ ಇದು ಪೂರ್ತಿ ಪ್ರಾಜೆಕ್ಟ್.

ಕೋಶಕೇಂದ್ರಕ್ಕೆ ಬಣ್ಣ ಕೊಡುವ ಹೆಮಟಾಕ್ಸಿಲಿನ್ ಹಾಕಿದ ಮೇಲೆ ನೀಲಿ ಬರಿಸಲು ಮಾತ್ರ ನಮ್ಮ ಗಡಸು ಬೋರ್‌ವೆಲ್ ನೀರು ಬಹಳ ಒಳ್ಳೆಯದು. ಕ್ಷಾರ ಇರುವುದರಿಂದ ಬೇರೆ ದ್ರಾವಣ ಬೇಕಾಗುವುದಿಲ್ಲ.

ಕೈ, ಮೂಗು, ಕಸ

ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತು ಎಂದು ಖಚಿತವಾಗಿದೆ. ಫ್ಯೂಮ್ ಹುಡ್ ಕೆಟ್ಟಿದ್ದರೆ ಕೆಲಸ ಮುಂದೂಡಿ. ಕಿಟಕಿ ತೆಗೆದು ಫ್ಯಾನ್ ಹಾಕುವುದು ಪರಿಹಾರ ಅಲ್ಲ. ಸೈಕ್ಲೊಹೆಕ್ಸಿಮೈಡ್ ಕೂಡ ವಿಷ, ಕೈಗವಸು ಹಾಕದೆ ಮುಟ್ಟಬೇಡಿ. ಉಳಿದ ಅಂಗಾಂಶ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಹಳದಿ ಚೀಲಕ್ಕೆ. ಫಾರ್ಮಲಿನ್, ಕ್ಸೈಲೀನ್ ಸಿಂಕ್‌ಗೆ ಸುರಿಯಬೇಡಿ, ಬೇರೆ ಬೇರೆ ಕ್ಯಾನಿನಲ್ಲಿ ತುಂಬಿ ಸಂಸ್ಥೆಯ ಕಸ ಒಯ್ಯುವವರಿಗೆ ಕೊಡಿ.

ಮುಗಿದ ಬ್ಲಾಕ್‌ಗಳನ್ನು ಎಸೆಯಬೇಡಿ, ಮುಂದಿನ ಬ್ಯಾಚಿನವರಿಗೆ ಬೇರೆ ಆಂಟಿಬಾಡಿ ಸಿಕ್ಕಾಗ ಅವೇ ಬೇಕಾಗುತ್ತವೆ. ಸೆಕ್ಷನ್ ಕತ್ತರಿಸಿಟ್ಟರೆ ತಿಂಗಳುಗಳಲ್ಲಿ ಆಂಟಿಬಾಡಿ ಹಿಡಿಯುವ ಗುಣ ಕುಗ್ಗುತ್ತದೆ, ಬ್ಲಾಕಿನಲ್ಲಿ ಅಷ್ಟು ಬೇಗ ಕುಗ್ಗುವುದಿಲ್ಲ. ಮೇಲಿನ ಮಹಡಿಯ ಕಬ್ಬಿಣದ ಅಲಮಾರಿಯಲ್ಲಿ ಮಾತ್ರ ಇಡಬೇಡಿ. ಮೇ ತಿಂಗಳಲ್ಲಿ ಅಲ್ಲಿ ಮೇಣ ಮೆತ್ತಗಾಗಿ ಬ್ಲಾಕ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನೆಲಮಹಡಿಯ ತಂಪು ಕೋಣೆಯಲ್ಲಿ ಮರದ ಪೆಟ್ಟಿಗೆ ಸಾಕು. ಪೆಟ್ಟಿಗೆಯ ಮೇಲೆ ಪ್ರಾಣಿ, ದಿನಾಂಕ, ಕಡಿದ ಹೊತ್ತು, ಫಾರ್ಮಲಿನ್‌ಗೆ ಹಾಕಿದ ಹೊತ್ತು, ತೆಗೆದ ಹೊತ್ತು ಬರೆದಿಡಿ.